ನಳಕ್ಕೆ ಪೈಪು ಕೂಡಿಸುತ್ತಿದ್ದ ನರ್ಸಮ್ಮ

ಹುಲಿಗೆಮ್ಮನವರು ಯಾರ ಮನೆಗೆ ಹೋದರೂ ಮನೆಯವರ ಮುಖವನ್ನು ಆಮೇಲೆ ನೋಡುತ್ತಿದ್ದರು. ಮೊದಲು ನೋಡುತ್ತಿದ್ದದ್ದು ಅಂಗಳದ ನಳವನ್ನು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, ನಳದ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳನ್ನು ಅದರ ಬಾಯಿಗೆ ತೂರಿಸಿ ತಿರುವುತ್ತಿದ್ದರು. ಬೆರಳು ಬಿಗಿಯಾಗಿ ಕೂತರೆ ಅರ್ಧ ಇಂಚು, ಸಡಿಲಾಗಿ ಆಡಿದರೆ ಮುಕ್ಕಾಲು, ಸಲೀಸಾಗಿ ಒಳಗೆ ಹೋದರೆ ಒಂದು ಇಂಚು ಎಂದು ಅವರ ಲೆಕ್ಕ. ಈ ಲೆಕ್ಕ ಎಷ್ಟೋ ಸಲ ತಪ್ಪುತ್ತಿತ್ತು. ತಪ್ಪಿದಾಗ ಅವರು ನಳವನ್ನು ಬೈಯುತ್ತಿದ್ದರು, ಅದನ್ನು ಹಾಕಿಸಿದವನನ್ನು ಬೈಯುತ್ತಿದ್ದರು, ಬೆರಳನ್ನು ಮಾತ್ರ ಬೈಯುತ್ತಿರಲಿಲ್ಲ.

ಹೆಗಲಿಗೆ ಸದಾ ಒಂದು ಕ್ಯಾನ್ವಾಸ್ ಚೀಲ. ನರ್ಸು ಕೆಲಸದಲ್ಲಿದ್ದಾಗ ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗುವಾಗಿನ ಚೀಲವೇ ಅದು. ಈಗ ಅದರಲ್ಲಿ ಹಿತ್ತಾಳೆಯ ತುಣುಕುಗಳು, ಕಬ್ಬಿಣದ ಕ್ಲಿಪ್ಪುಗಳು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಗಳು, ಬಿಳಿ ಟೇಪಿನ ಸುರುಳಿ, ಒಂದು ಸ್ಕ್ರೂಡ್ರೈವರ್. ಇವುಗಳ ನಡುವೆಯೇ ಬಿಪಿ ನೋಡುವ ಯಂತ್ರವೂ ಇರುತ್ತಿತ್ತು. ನಮ್ಮ ಓಣಿಯವರು ಅವರ ಕಾಟವನ್ನು ಸಹಿಸಿಕೊಂಡದ್ದು ಬಹುಶಃ ಈ ಯಂತ್ರದ ದೆಸೆಯಿಂದ. ಮುದುಕರಿಗೆ ಬಿಪಿ ನೋಡಿ, ಮಕ್ಕಳ ಜ್ವರ ನೋಡಿ, ಆಮೇಲೆ ಎದ್ದು ಸೀದಾ ನಳದ ಕಡೆ ನಡೆಯುವರು. ಎದುರಿಗೆ ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು. ಬೆನ್ನ ಹಿಂದೆ ಪೈಪಮ್ಮ.

ನಾನು ಬಳ್ಳಾರಿಯ ಕೌಲ್ ಬಜಾರಿನ ಹಿಂದಿನ ಆ ಓಣಿಗೆ ಬಾಡಿಗೆಗೆ ಬಂದ ದಿನವೇ ಅವರ ಪರಿಚಯವಾಯಿತು. ಕಾಲೇಜೊಂದರ ಕಚೇರಿಯಲ್ಲಿ ನನಗೆ ಕೆಲಸ. ಸಾಮಾನಿನ ಗಾಡಿ ಆಗಷ್ಟೇ ಹೋಗಿತ್ತು. ಟ್ರಂಕು, ಪುಸ್ತಕದ ಪೆಟ್ಟಿಗೆ, ಹಾಸಿಗೆ ಎಲ್ಲ ಅಂಗಳದಲ್ಲೇ ಇದ್ದವು. ಬಾಗಿಲು ದಾಟಿ ಬಂದ ಎತ್ತರದ ಹೆಂಗಸೊಬ್ಬರು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಯವ್ವಾ, ನಿಮ್ಮ ನಳಕ್ಕ ಪೈಪು ಕೂಡತೈತೇನು?"

"ಪೈಪು ಇಲ್ರಿ. ಇಲ್ಲಿ ಒಂದು ಗಿಡಾನೂ ಇಲ್ಲ, ಪೈಪು ಯಾಕ್ರಿ?"

"ಗಿಡಕ್ಕ ಅಂತ ನಾನು ಅಂದೆನೇನು?" ಎಂದು ಅವರು ಆಗಲೇ ನಳದ ಮುಂದೆ ಕೂತಿದ್ದರು.

ನಮ್ಮ ನಳ ಮನೆಯ ಮಾಲೀಕರ ತಾತನ ಕಾಲದ್ದು. ಗಟ್ಟಿ ಹಿತ್ತಾಳೆ. ಬಾಯಿ ದುಂಡಗಿಲ್ಲ, ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆ. ತಿರುಪು ಹಾಕಲು ಗೆರೆಗಳೂ ಇಲ್ಲ. ಅವರು ತಮ್ಮ ಮನೆಯಿಂದ ಎರಡು ಪೈಪು ತಂದರು. ಅರ್ಧ ಇಂಚಿನದು ಅದರ ಮೇಲೆ ಏರಲಿಲ್ಲ, ಮುಕ್ಕಾಲಿನದು ಜೋಲಾಡಿತು. ನರ್ಸಮ್ಮ ನನ್ನಿಂದಲೇ ನೀರು ಕಾಯಿಸಿಕೊಂಡು, ಅರ್ಧ ಇಂಚಿನ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಹಲ್ಲು ಕಚ್ಚಿ ಹಿಗ್ಗಿಸಿ ಆ ಕೊಕ್ಕಿಗೆ ತೊಡಿಸಿದರು. ಮೇಲೆ ಟ್ಯೂಬಿನ ಪಟ್ಟಿ ಸುತ್ತಿ ಕ್ಲಿಪ್ಪು ಬಿಗಿದರು. ಅವತ್ತು ನೀರು ಬರುವ ದಿನ. "ಬಿಡು" ಎಂದರು. ನಾನು ನಳ ಬಿಟ್ಟೆ. ಒಂದು ಗಳಿಗೆ ನಿಂತಿದ್ದ ಪೈಪು ಫಟ್ಟನೆ ಕಿತ್ತು ಹಾರಿತು. ನನ್ನ ಹಾಸಿಗೆ, ಟ್ರಂಕು, ನಾನು, ಎಲ್ಲವೂ ತೊಯ್ದು ತೊಪ್ಪೆಯಾದೆವು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರ ಕಡೆ ತಿರುಗಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಿದ್ದ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನಳದ ಬಾಯಿಗೆ ಒತ್ತುತ್ತಿದ್ದರು. ನೀರು ಅವರ ಎದೆಗೆ ರಾಚುತ್ತಿತ್ತು. ನಳ ಬಂದ್ ಮಾಡಿ ಎಂದು ನಾನು ಕೂಗಿದರೂ ಅವರಿಗೆ ಕೇಳಿಸಲಿಲ್ಲ. ಕೊನೆಗೆ ನಾನೇ ಹೋಗಿ ತಿರುವಿ ನಿಲ್ಲಿಸಿದೆ.

"ಸಡ್ಲ ಆತು," ಎಂದರು ಪೈಪಿನ ತುದಿಯನ್ನು ತಿರುವಿ ನೋಡಿ. "ಖಾಜಾನ ಹತ್ರ ಹೋಗೂಣು."

ಖಾಜಾ ಸಾಬರದು ಕೌಲ್ ಬಜಾರಿನಲ್ಲಿ ಲೇತ್ ಅಂಗಡಿ. ಬಿಚ್ಚಿ ತಂದ ನಮ್ಮ ನಳವನ್ನು ಬೆಳಕಿಗೆ ಹಿಡಿದು, "ನರ್ಸಮ್ಮ, ಇಂಥಾವನ್ನೆಲ್ಲ ಎಲ್ಲಿಂದ ಹುಡುಕಿ ತರ್ತೀರಿ? ಹೊಸಾ ನಳ ಹಾಕಿಸಿಬಿಡ್ರಿ, ತಾಪತ್ರಯಾನೇ ಇಲ್ಲ," ಎಂದರು.

"ಎಷ್ಟು ಮನಿ ನಳ ಬದ್ಲಿ ಮಾಡ್ಲೋ? ಮನಿ ಬಾಡಿಗಿದು, ಮಾಲಕ ಒಪ್ಪಂಗಿಲ್ಲ. ಒಂದು ಓಣ್ಯಾಗ ಹತ್ತು ನಮೂನಿ ನಳ ಅದಾವ. ಇದ್ದ ನಳಕ್ಕ ಇದ್ದ ಪೈಪು ಕೂಡಬೇಕು. ಒಂದು ಬಾಯಿ ಮಾಡಿಕೊಡು. ಈ ಕಡೆ ಇದು ಕುಂದರಬೇಕು, ಆ ಕಡೆ ಪೈಪು ಕುಂದರಬೇಕು. ಎತ್ತು ಜಗ್ಗಿದ್ರೂ ಬರಬಾರದು."

ಖಾಜಾ ಸಾಬರು ನಗುತ್ತಲೇ ಹಿತ್ತಾಳೆಯ ಒಂದು ಗಿಡ್ಡ ಕೊಳವೆ ಕಡೆದುಕೊಟ್ಟರು. ಒಂದು ತುದಿ ನಮ್ಮ ನಳದ ಕೊಕ್ಕನ್ನು ಒಳಗೆ ತೆಗೆದುಕೊಂಡು ಪಕ್ಕದ ಎರಡು ತಿರುಪುಗಳಿಂದ ಬಿಗಿಯುವಂಥದ್ದು, ಇನ್ನೊಂದು ತುದಿ ಪೈಪಿಗೆ. ಅದನ್ನು ಕೂಡಿಸಿ, ನೀರು ಬಿಟ್ಟು, ಪೈಪನ್ನು ಹಿಡಿದು ಜಗ್ಗಿ ಜಗ್ಗಿ ನೋಡಿದ ಮೇಲೆ ನರ್ಸಮ್ಮ ನಮ್ಮ ಮನೆಯಲ್ಲಿ ಮೊದಲ ಸಲ ಚಹಾ ಕುಡಿದರು. ಪೈಪಿನ ಸುರುಳಿಯನ್ನು ನಳದ ಪಕ್ಕದ ಗೂಟಕ್ಕೆ ತೂಗುಹಾಕಿ, "ಇದನ್ನ ಬಿಚ್ಚಬ್ಯಾಡ. ಕೊಡ ತುಂಬಾಕ ಅಡ್ಡ ಆದ್ರೂ ಬಿಚ್ಚಬ್ಯಾಡ," ಎಂದು ತಾಕೀತು ಮಾಡಿ ಹೋದರು.

ಅವರ ಸ್ವಂತ ಮನೆ ನಮ್ಮಿಂದ ನಾಲ್ಕು ಬಾಗಿಲ ಆಚೆ. ಒಂದು ಕೋಣೆ, ಒಂದು ಅಡಿಗೆಮನೆ, ಮುಂದೆ ಗಿಡ್ಡ ಅಂಗಳ. ಅಲ್ಲಿಯೂ ಒಂದು ಗಿಡವಿರಲಿಲ್ಲ. ತುಳಸಿಯೂ ಇಲ್ಲ. ನಳಕ್ಕೆ ಕೂಡಿಸಿದ ಉದ್ದನೆಯ ಪೈಪೊಂದು ಗೋಡೆಗೆ ಒರಗಿ ಬಿದ್ದಿರುತ್ತಿತ್ತು. ಮದುವೆಯಾಗಿತ್ತಂತೆ, ಬಾಳಲಿಲ್ಲವಂತೆ ಎಂದು ಓಣಿಯವರು ಹೇಳಿದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆ ಕಾಲೇಜಿನಿಂದ ಬಂದರೆ ನನ್ನ ಕಟ್ಟೆಯ ಮೇಲೆ ಕೂತಿರುವರು. ಮಾತು ಕಡಿಮೆ. ಒಮ್ಮೊಮ್ಮೆ ಹಳ್ಳಿಯ ಹೆರಿಗೆಗಳ ಕಥೆ ಹೇಳಿ ನನ್ನನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುವರು. ಹಚ್ಚೊಳ್ಳಿಯ ಕಡೆ ಟ್ರ್ಯಾಕ್ಟರ್ ಟ್ರಾಲಿಯಲ್ಲೇ ಹೆತ್ತ ಹೆಂಗಸೊಬ್ಬಳು, "ನರ್ಸಮ್ಮ, ಇನ್ನ ಆಸ್ಪತ್ರಿಗೆ ಯಾಕ, ಗಾಡಿ ತಿರುಗಿಸ್ರಿ, ಅನ್ನ ಮಾಡಾದೈತಿ" ಅಂದದ್ದನ್ನು ಅವಳ ದನಿಯಲ್ಲೇ ಹೇಳುವರು. ನಗು ಮುಗಿದ ಮೇಲೆ ಅವರ ಮುಖ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಒಂದು ವರ್ಷ ಭತ್ತದ ಕೊಯ್ಲು ಮುಗಿದ ಕಾಲದಲ್ಲಿ, ಭಾನುವಾರ ಬೆಳಿಗ್ಗೆ ಚೀಲ ತಗುಲಿಸಿಕೊಂಡು, ಹೊಸ ಪೈಪಿನ ಸುರುಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದರು.

"ಕುರುಗೋಡಿಗೆ ಬರ್ತೀಯೇನು? ಒಬ್ಬಾಕೀಗೆ ಹೋಗಾಕ ಧೈರ್ಯ ಸಾಲವಲ್ದು."

ಯಾವ ಮಾತಿಗೂ ಹೆದರದ ಹೆಂಗಸು ಧೈರ್ಯದ ಮಾತಾಡಿದ್ದು ಕೇಳಿ ನಾನು ಯಾಕೆಂದು ಕೇಳದೆ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೊರಗೆ ನೋಡುತ್ತಲೇ, ಅವರು ತಂಗಿಯ ಕಥೆ ಹೇಳಿದರು.

ತಂಗಿ ನಾಗವ್ವನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಊರಂಚಿನಲ್ಲಿ ಮನೆ, ಮನೆಯ ಹಿಂದೆ ದನದ ಕೊಟ್ಟಿಗೆ, ಕೊಟ್ಟಿಗೆಗೆ ಹತ್ತಿಕೊಂಡೇ ಹುಲ್ಲಿನ ಬಣವೆ. ಆಗ ಸಿರುಗುಪ್ಪದ ಸುತ್ತಲ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ನರ್ಸಮ್ಮ ಆ ಮನೆಯಲ್ಲೇ ಇದ್ದರು. ನಾಗವ್ವನ ಒಬ್ಬಳೇ ಮಗಳು ಶಾಂತಾ ಇವರ ಕೈಯಲ್ಲೇ ಬೆಳೆದವಳು. ನಾಗವ್ವನಿಗೆ ಮಲ್ಲಿಗೆಯ ಹುಚ್ಚು. ಕೊಡ ಹೊತ್ತು ನೀರು ಹಾಕುವ ತಂಗಿಯನ್ನು ನೋಡಲಾರದೆ ಇವರು ಬಳ್ಳಾರಿಯಿಂದ ಒಂದು ಹಸಿರು ಪೈಪು ಕೊಂಡು ಒಯ್ದರು. ಅದು ಅರ್ಧ ಇಂಚಿನದು. ಹಿತ್ತಲಿನ ನಳ ಬೋರಿನಿಂದ ಬಂದ ದಪ್ಪ ಕಬ್ಬಿಣದ್ದು, ಮೂರು ಬೆರಳು ಹಿಡಿಸುವಷ್ಟು ಅಗಲ. ಬಟ್ಟೆ ಸುತ್ತಿ, ಸುತಳಿಯಿಂದ ಕಟ್ಟಿದರು. ಸಣ್ಣಗೆ ಬಿಟ್ಟರೆ ನೀರು ಹರಿಯುತ್ತಿತ್ತು. ಮಲ್ಲಿಗೆಗೆ ಅಷ್ಟು ಸಾಕಿತ್ತು.

"ಒಂದಿನ ಮಧ್ಯಾಹ್ನ ಬಣವಿಗೆ ಬೆಂಕಿ ಬಿತ್ತು. ಮ್ಯಾಲಿನ ಕರೆಂಟ್ ವೈರಿನದು ಕಿಡಿ ಅಂದ್ರು. ಗಂಡಸ್ರು ಹೊಲಕ್ಕ ಹೋಗಿದ್ರು. ನಾಗಿ ಎಮ್ಮಿ ಬಿಚ್ಚಾಕ ಕೊಟ್ಟಿಗ್ಯಾಗ ಓಡಿದ್ಲು. ನಾನು ನಳಕ್ಕ ಓಡಿದೆ. ಪೂರಾ ತಿರುವಿದೆ. ಪೈಪು ಕಿತ್ತು ಹೋತು. ಮತ್ತ ತುರುಕಿದೆ, ಮತ್ತ ಹೋತು. ಕೈಲೆ ಒತ್ತಿ ಹಿಡಿದೆ. ಅಷ್ಟರಾಗ ಕೊಟ್ಟಿಗಿ ಚಾವಣಿ ಕುಸದು ಬಿತ್ತು."

ಬಸ್ಸು ಯಾವುದೋ ಹಳ್ಳಿಯಲ್ಲಿ ನಿಂತು ಹೊರಟಿತು. ರಸ್ತೆಯ ಬದಿಗೆ ಒಣಹಾಕಿದ ಮೆಣಸಿನಕಾಯಿಯ ಘಾಟು ಒಳಗೆ ಬಂತು.

"ನಾನು ಪೂರ್ತಿ ತೊಯ್ದಿದ್ದೆ ನೋಡು. ತಲಿಯಿಂದ ಕಾಲಿನ ಮಟ. ಅಕಿ ಮ್ಯಾಲೆ ಒಂದು ಹನಿ ಬಿದ್ದಿರಲಿಲ್ಲ."

ನಾಗವ್ವನನ್ನು ಬಳ್ಳಾರಿಯ ಆಸ್ಪತ್ರೆಗೆ ತಂದರು. ನರ್ಸಾದ ಇವರಿಗೆ ಅವಳ ಮೈ ನೋಡಿದ ಕೂಡಲೇ ಎಲ್ಲ ಗೊತ್ತಾಗಿತ್ತು. ಆದರೆ ನಾಗವ್ವ ಸಾಯುವವರೆಗೂ ಎಚ್ಚರವಾಗಿದ್ದಳು. ಮಾತಾಡುತ್ತಿದ್ದಳು.

"ಎಮ್ಮಿ ಉಳೀತೇನಕ್ಕಾ ಅಂತ ಕೇಳಿದ್ಲು. ಉಳೀತು, ಹಾಲು ಕೊಡಾಕ ಹತ್ತೈತಿ ಅಂದೆ."

"ಉಳಿದಿತ್ತೇನ್ರಿ?"

"ಎಲ್ಲೀದು," ಎಂದು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ನಾಗವ್ವನ ಗಂಡ ಆಮೇಲೆ ಬೇರೆ ಸಂಸಾರ ಹೂಡಿದ. ಶಾಂತಾಳ ಮದುವೆ ಕುರುಗೋಡಿಗೆ ಆಯಿತು. ದೊಡ್ಡವ್ವನನ್ನು ಅವಳು ಮದುವೆಗೂ ಕರೆಯಲಿಲ್ಲ. ಈಗ ಊರ ಕಡೆಯವರೊಬ್ಬರು ಬಂದು, ಶಾಂತಾಳ ಮನೆಯ ಗೋಡೆಗೆ ಹತ್ತಿಕೊಂಡೇ ಬಣವೆ ಒಟ್ಟಿದ್ದಾರೆ ಎಂದು ಮಾತಿನ ನಡುವೆ ಹೇಳಿ ಹೋಗಿದ್ದರು. ಅಂದಿನಿಂದ ನರ್ಸಮ್ಮನಿಗೆ ನಿದ್ದೆ ಇರಲಿಲ್ಲ.

ಕುರುಗೋಡಿನಲ್ಲಿ ಶಾಂತಾಳ ಮನೆ ಕಲ್ಲುಗುಡ್ಡದ ಬುಡಕ್ಕೆ. ಬಣವೆ ಕಂಡಿತು, ಅವರು ಹೇಳಿದಂತೆಯೇ ಗೋಡೆಗೆ ಒರಗಿಕೊಂಡೇ ಇತ್ತು. ಶಾಂತಾ ಮೊರ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಮೂವತ್ತರ ಹೆಣ್ಣುಮಗಳು, ದೊಡ್ಡವ್ವನ ಹಾಗೆಯೇ ಎತ್ತರ. ಬಾ ಎನ್ನಲಿಲ್ಲ. ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟಳು. ಇನ್ನೊಂದು ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟು ಕೈ ಹಿಂದೆ ತೆಗೆದುಕೊಂಡಳು. ನರ್ಸಮ್ಮ ನೀರು ಮುಟ್ಟದೆ ಅಂಗಳದ ನಳದ ಕಡೆ ನಡೆದರು. ಅದರ ಪ್ಲಾಸ್ಟಿಕ್ ಬಾಯಿ ಅರ್ಧ ಒಡೆದುಹೋಗಿತ್ತು.

"ನಳ ಮುಟ್ಟಬ್ಯಾಡ," ಎಂದಳು ಶಾಂತಾ.

"ಶಾಂತಾ, ಬಣವಿ ಗ್ವಾಡಿಗೆ ಹತ್ತಿ ಐತಿ. ನಾನೇನು ಒಳಗ ಬರಂಗಿಲ್ಲ. ಇದೊಂದು ಕೂಡಿಸಿ ಹೋಗಿಬಿಡ್ತೀನಿ."

"ಮುಟ್ಟಬ್ಯಾಡ ಅಂದೆ ನೋಡು."

ದನಿ ಏರಲಿಲ್ಲ. ಆದರೆ ನರ್ಸಮ್ಮ ಬೆರಳು ಚಾಚಿದವರು ಹಾಗೇ ಎದ್ದು, ಹೊರಗಿನ ಕಟ್ಟೆಗೆ ಹೋಗಿ, ಪೈಪಿನ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಶಾಂತಾ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟಳು. ಏನಾದರೂ ಹೇಳಬೇಕೆಂದು ನಾನು, "ಆ ಪೈಪಿನ ಸಂಕಟದಾಗ ಅವರು ದಿನಾ ಸಾಯ್ತಾರ್ರಿ. ಹಳೇದನ್ನ ಬಿಟ್ಟುಬಿಡ್ರಿ," ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಪೈಪಿಂದು ಯಾರು ಕೇಳ್ಯಾರ್ರಿ? ಬೆಂಕಿ ಬಿದ್ದಾಗ ಕೈ ಕಾಲು ಆಡಂಗಿಲ್ಲ. ನಾನಿದ್ದಿದ್ರೂ ಅಷ್ಟ ಆಗ್ತಿತ್ತು. ಅವತ್ತ ನನಗ ಪರೀಕ್ಷಿ ನಡದಿತ್ತು. ನಮ್ಮವ್ವನ ನೋಡ್ತೀನಿ ಅಂತ ಆಸ್ಪತ್ರಿ ಬಾಗಿಲದಾಗ ಅಳಾಕ ಹತ್ತಿದೆ. ಏನೂ ಆಗಿಲ್ಲ, ಸ್ವಲ್ಪ ಸುಟ್ಟೈತಿ, ಪರೀಕ್ಷಿ ಮುಗಿಸು, ಅವ್ವನ್ನ ಮನಿಗೇ ಕರ್ಕೊಂಡು ಬರ್ತೀನಿ ಅಂದ್ಲು ದೊಡ್ಡವ್ವ. ನರ್ಸ್ ಇದ್ಲಲ್ರಿ, ನಂಬಿದೆ. ಬರೆದೆ. ಮುಗಿಸಿ ಮನಿಗೆ ಬಂದ್ರ ಅಂಗಳದ ತುಂಬ ಮಂದಿ. ಅವ್ವನ್ನ ಬಿಳಿ ಬಟ್ಟ್ಯಾಗ ಸುತ್ತಿದ್ರು. ಮುಖಾನೂ ತೋರಸಲಿಲ್ಲ."

ಅವಳು ಲೋಟ ತೊಳೆಯಲು ಎದ್ದಳು. "ನಮ್ಮವ್ವ ಮಾತಾಡ್ತಿದ್ಲಂತ. ನನ್ನ ಕೇಳಿದ್ಲಂತ. ಊರಿಗೆಲ್ಲ ಗೊತ್ತಿತ್ತು. ನನಗ ಒಬ್ಬಾಕೀಗೆ ಗೊತ್ತಿರಲಿಲ್ಲ."

ನಾವು ಹೊರಟಾಗ ನರ್ಸಮ್ಮ ಪೈಪನ್ನು ಕಟ್ಟೆಯ ಮೇಲೆಯೇ ಬಿಟ್ಟು ಎದ್ದರು. ಶಾಂತಾ ಹಿಂದೆಯೇ ಬಂದು ಅದನ್ನು ನನ್ನ ಕೈಗೆ ಕೊಟ್ಟಳು. "ಇದನ್ನ ಒಯ್ರಿ."

ಬಳ್ಳಾರಿಯ ಬಸ್ಸು ಹತ್ತಿ ಕೂತ ಮೇಲೆ, "ಏನಂದ್ಲು?" ಎಂದು ನರ್ಸಮ್ಮ ಕೇಳಿದರು. ಮುಚ್ಚಿಡಬೇಕೆಂದುಕೊಂಡಿದ್ದೆ. ಆದರೆ ಮುಚ್ಚಿಟ್ಟದ್ದರ ಕಥೆಯನ್ನು ಆಗಷ್ಟೇ ಕೇಳಿ ಬಂದಿದ್ದೆನಲ್ಲ. ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತೈತಿ," ಎಂದರು. "ಮಗಳ ಬಾಳೇ ಹಾಳಾಗ್ತೈತಿ, ಪರೀಕ್ಷಿ ಆದ್ರೂ ಆಗ್ಲಿ ಅಂತ ಅಂದುಬಿಟ್ಟೆ. ನಾಗಿ ಇನ್ನೆರಡು ದಿನ ಇರ್ತಾಳ ಅಂತ ನನ್ನ ಅಂದಾಜು. ತಪ್ಪಿತು. ಅಕಿ ಕಡೀಮಟ ಬಾಗಿಲ ಕಡೆ ನೋಡ್ತಿದ್ಲು."

"ಮತ್ತೆ ಶಾಂತಾಗ ಅದನ್ನ ಹೇಳಬಹುದಿತ್ತಲ್ರಿ?"

"ಏನಂತ ಹೇಳ್ಲಿ? ಹೇಳಿದ್ರ ಅವರವ್ವ ಬರ್ತಾಳೇನು?" ಅವರು ನನ್ನ ಮಡಿಲಲ್ಲಿದ್ದ ಪೈಪನ್ನು ಎಳೆದುಕೊಂಡು ಅದರ ತುದಿಯನ್ನು ಒರೆಸತೊಡಗಿದರು. "ಅದಕ್ಕ ನನ್ನ ಕೈಲೆ ಏನೂ ಮಾಡಾಕ ಆಗಂಗಿಲ್ಲ. ಇದನ್ನಾದ್ರ ಕೂಡಿಸಬಹುದು. ಅದಕ್ಕ ಕೂಡಿಸ್ಕೊಂತ ಅದೀನಿ."

ಇದಾದ ಮುಂದಿನ ಬೇಸಿಗೆಯಲ್ಲಿ ನಮ್ಮ ಓಣಿಗೆ ಬೆಂಕಿ ಬಿತ್ತು.

ನಮ್ಮ ಎದುರು ಮನೆಯ ಶೇಕ್ಷಾವಲಿ ಜೀನ್ಸ್ ಪ್ಯಾಂಟು ಹೊಲಿಯುವವನು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನುಗಳು, ಮೂಲೆಯಲ್ಲಿ ಬಟ್ಟೆಯ ಚೂರುಗಳ ರಾಶಿ. ಅವನ ಹೆಂಡತಿ ಬೀಬಿಜಾನ್ ಗಂಡನಿಗಿಂತ ಚುರುಕಾಗಿ ಹೊಲಿಯುತ್ತಿದ್ದಳು. ಅವತ್ತು ರಜೆಯ ದಿನ, ನಾನು ಮನೆಯಲ್ಲಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು. ಸುಟ್ಟ ಬಟ್ಟೆಯ ವಾಸನೆ ಬಂದು ಹೊರಗೆ ನೋಡಿದರೆ ಅವರ ಕಿಟಕಿಯಿಂದ ಕಪ್ಪು ಹೊಗೆ. ಶೇಕ್ಷಾವಲಿ ಮಾಲು ಕೊಡಲು ಹೋಗಿದ್ದ. ಬೀಬಿಜಾನ್ ಹೊಲಿದಿಟ್ಟ ಪ್ಯಾಂಟಿನ ಕಟ್ಟುಗಳನ್ನು ಉಳಿಸಲು ಮತ್ತೆ ಮತ್ತೆ ಒಳಗೆ ಹೋಗುತ್ತಿದ್ದಳು.

ನಾನು ಕೂಗುವುದರೊಳಗೆ ನರ್ಸಮ್ಮ ನಮ್ಮ ಅಂಗಳದಲ್ಲಿದ್ದರು. ಅಷ್ಟು ವಯಸ್ಸಿನವರು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಗೂಟದಿಂದ ಪೈಪಿನ ಸುರುಳಿ ಎಳೆದು, ರಸ್ತೆ ದಾಟಿ, ಕಿಟಕಿಗೆ ಅದರ ತುದಿ ಹಿಡಿದು, "ಬಿಡು! ಪೂರಾ ಬಿಡು!" ಎಂದು ಕಿರುಚಿದರು. ನಾನು ನಳವನ್ನು ಕೊನೆಯವರೆಗೂ ತಿರುವಿದೆ.

ಪೈಪು ಕೀಳಲಿಲ್ಲ. ಹಿತ್ತಾಳೆಯ ಬಾಯಿ ಅಲುಗಲಿಲ್ಲ. ಪೈಪಿನ ತುದಿಯಿಂದ ಸುಯ್ಯೆಂದು ಗಾಳಿ ಬಂತು. ನಾಲ್ಕು ಹನಿ ಕೆಂಪು ನೀರು ಬಂತು. ಆಮೇಲೆ ಅದೂ ನಿಂತಿತು. ನೀರು ಬಿಟ್ಟು ವಾರದ ಮೇಲಾಗಿತ್ತು, ನಮ್ಮ ಓಣಿಯ ಸರದಿ ಇನ್ನೂ ಬಂದಿರಲಿಲ್ಲ. ದಿನಾ ಖಾಲಿ ಕೊಡ ಎಣಿಸುವ ನಾನೂ ಅದನ್ನು ಮರೆತಿದ್ದೆ, ಅವರೂ ಮರೆತಿದ್ದರು.

ಕೈಯಲ್ಲಿ ಪೈಪು ಹಿಡಿದು ಅವರು ಕಿಟಕಿಯ ಮುಂದೆ ನಿಂತದ್ದು ಒಂದು ಕ್ಷಣವೋ ಎರಡು ಕ್ಷಣವೋ. ಒಳಗೆ ಬೀಬಿಜಾನ್ ಚೀರಿದಳು. ನರ್ಸಮ್ಮ ಪೈಪು ಬಿಸಾಡಿ, ಪಕ್ಕದ ಮನೆಯ ಹಗ್ಗದ ಮೇಲಿದ್ದ ಹಸಿ ಚಾದರವನ್ನು ಎಳೆದು ಮೈಗೆ ಸುತ್ತಿಕೊಂಡು ಒಳಗೆ ನುಗ್ಗಿದರು. ನಾವೆಲ್ಲ ಕುಡಿಯುವ ನೀರಿನ ಕೊಡ, ಬಿಂದಿಗೆ, ಡ್ರಮ್ಮು ಸಿಕ್ಕಿದ್ದರಲ್ಲಿ ತಂದು ಸುರಿದೆವು. ಅವರು ಬೀಬಿಜಾನಳನ್ನು ತಬ್ಬಿಕೊಂಡು ಹೊರಗೆ ತಂದರು. ಅವಳ ಎರಡೂ ಕೈ ಮೊಣಕೈಯವರೆಗೆ ಸುಟ್ಟಿದ್ದವು. ಅಗ್ನಿಶಾಮಕದ ಗಾಡಿ ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತು. ಗಾಡಿಯವರು ತಮ್ಮ ಪೈಪು ಎಳೆದು ತರುವಷ್ಟರಲ್ಲಿ ಕೋಣೆಯಲ್ಲಿ ಉಳಿದದ್ದು ಮಿಷನ್ನುಗಳ ಕಪ್ಪು ಕಬ್ಬಿಣ ಮಾತ್ರ.

ಆ ಗದ್ದಲದಲ್ಲಿ ನರ್ಸಮ್ಮ ಬೀಬಿಜಾನಳನ್ನು ನನ್ನ ಕಟ್ಟೆಯ ಮೇಲೆ ಕೂಡಿಸಿ, ಅವಳ ಕೈಗಳ ಮೇಲೆ ತಂಬಿಗೆಯಿಂದ ಸಣ್ಣಗೆ ತಣ್ಣೀರು ಬಿಡುತ್ತಿದ್ದರು. ಯಾರೋ ಹಲ್ಲಿನ ಪೇಸ್ಟು ತಂದರೆ ಬೈದು ಓಡಿಸಿದರು.

"ನರ್ಸಮ್ಮಾ, ನನ್ನ ಕೈ ಸರಿ ಆಗ್ತಾವೇನ್ರಿ?" ಎಂದಳು ಬೀಬಿಜಾನ್. "ಮಿಷನ್ ಹೊಲಿಯಾಕ ಬರ್ತಾವೇನ್ರಿ?"

ಸುತ್ತ ನಿಂತ ಹೆಂಗಸರು ಒಟ್ಟಿಗೇ, "ಏನೂ ಆಗಂಗಿಲ್ಲ, ಎಲ್ಲಾ ಸರಿ ಆಗ್ತೈತಿ," ಅಂದರು. ನರ್ಸಮ್ಮ ತಲೆ ಎತ್ತಿ ಅವರನ್ನೆಲ್ಲ ಒಮ್ಮೆ ನೋಡಿದರು.

"ಇಲ್ಲ ತಾಯಿ," ಎಂದರು. "ಮೊದಲಿನಂಗ ಆಗಂಗಿಲ್ಲ. ಜೀವಕ್ಕ ಈಗ ಭಯ ಇಲ್ಲ. ಆದ್ರ ನಂಜು ಏರಿದ್ರ ನನಗ ಹೇಳಾಕ ಬರಂಗಿಲ್ಲ. ನಿನ್ನ ಮಗಳು ಎಲ್ಲದಾಳ?"

"ಅಕಿ ನಾನಿ, ನಮ್ಮವ್ವನ ಮನಿಗೆ, ಹಲಕುಂದಿಗೆ ಹೋಗ್ಯಾಳ್ರಿ. ಅಕೀಗೆ ಹೇಳಬ್ಯಾಡ್ರಿ, ಹೆದರ್ತಾಳ."

"ಹೆದರ್ಲಿ. ಹೆದರಿ ಅಳ್ಲಿ. ಆದ್ರ ನಿನ್ನ ನೋಡ್ಲಿ." ಅವರು ನನ್ನ ಕಡೆ ತಿರುಗಿದರು. "ಯಾರನ್ನಾದ್ರೂ ಗಾಡಿ ಮ್ಯಾಲೆ ಕಳಿಸು. ಹುಡುಗೀನ್ನ ಈಗಿಂದೀಗ ಆಸ್ಪತ್ರಿಗೆ ಕರ್ಕೊಂಡು ಬರ್ಲಿ. ಏನಾಗೇತಿ ಅಂತ ದಾರ್ಯಾಗ ಇದ್ದದ್ದು ಇದ್ದಂಗ ಹೇಳು ಅನ್ನು."

ಬೀಬಿಜಾನ್ ಉಳಿದಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಸೊಟ್ಟಗಾದವು. ಇವತ್ತಿಗೂ ಅವಳ ಸೆರಗನ್ನು ಮಗಳೇ ಸಿಕ್ಕಿಸುತ್ತಾಳೆ. ಶೇಕ್ಷಾವಲಿ ಬೇರೆಯವರ ಕಾರ್ಖಾನೆಗೆ ಕೂಲಿಗೆ ಹೋಗತೊಡಗಿದ.

ನರ್ಸಮ್ಮ ಅಂದಿನಿಂದ ಚೀಲ ಹೆಗಲಿಗೆ ಹಾಕಲಿಲ್ಲ. ಯಾರಾದರೂ ತಾವಾಗಿಯೇ ಕರೆದು, "ನರ್ಸಮ್ಮ, ಹೊಸಾ ನಳ ಹಾಕ್ಸೀವಿ, ಪೈಪು ಕೂಡವಲ್ದು, ನೋಡ್ರಿ," ಅಂದರೆ, "ಅಂಗಡ್ಯಾಗ ಸಿಗ್ತಾವ, ತಂದು ಹಾಕ್ಕೊಳ್ರಿ," ಅನ್ನುವರು. ಒಂದು ಸಂಜೆ ಮಾತ್ರ ಕಟ್ಟೆಯ ಮೇಲೆ ಕೂತವರು ತಾವಾಗಿ ಆ ಮಾತೆತ್ತಿದರು. "ಎಷ್ಟು ಚಂದ ಕೂಡಿತ್ತು ನೋಡು. ಒಂದಿಷ್ಟೂ ಸಡ್ಲ ಇರಲಿಲ್ಲ." ಹೇಳಿ ನಕ್ಕರು. ಆ ನಗುವಿನ ಮುಂದೆ ನನಗೆ ಕೂರಲಾಗದೆ ಒಳಗೆ ಕೆಲಸವಿದೆಯೆಂದು ಎದ್ದು ಹೋದೆ.

ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಬಾಗಿಲು ತೆರೆಯಲಿಲ್ಲ. ಶೇಕ್ಷಾವಲಿ ಚಿಲಕ ಮೀಟಿ ತೆಗೆದ. ಅಡಿಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ಹೋಗಿತ್ತು. ಆಸ್ಪತ್ರೆಯ ವರಾಂಡದಲ್ಲಿ ನಿಂತು ನಾನು ಶಾಂತಾಳಿಗೆ ಫೋನು ಮಾಡಿದೆ. ಹೇಗೆ ಹೇಳುವುದೆಂದು ಯೋಚಿಸಲಿಲ್ಲ. "ಲಕ್ವಾ ಹೊಡದೈತಿ. ಉಳೀತಾರೋ ಇಲ್ಲೋ ಡಾಕ್ಟರಿಗೂ ಗೊತ್ತಿಲ್ಲ. ನೋಡೋದಿದ್ರ ಇವತ್ತೇ ಬರ್ರಿ," ಎಂದೆ. "ಯಾವ ವಾರ್ಡು?" ಎಂದಳು.

ಮಧ್ಯಾಹ್ನದೊಳಗೆ ಬಂದಳು. ಮಂಚದ ಪಕ್ಕ ನಿಂತಳು, ಅಳಲಿಲ್ಲ, ಮುಟ್ಟಲಿಲ್ಲ. ಸಂಜೆ ದೊಡ್ಡವ್ವನ ಬಾಯಿಂದ ಜೊಲ್ಲು ಇಳಿಯುತ್ತಿದ್ದದ್ದನ್ನು ನೋಡಿ ತನ್ನ ಸೆರಗಿನಿಂದ ಒರೆಸಿದಳು. ಆಸ್ಪತ್ರೆಯಿಂದ ಬಿಟ್ಟ ದಿನ ಆಟೋದವನಿಗೆ ಕೌಲ್ ಬಜಾರಿನ ದಾರಿ ಹೇಳಲು ನಾನು ಬಾಯಿ ತೆರೆದಾಗ, "ಕೌಲ್ ಬಜಾರಿಗೆ ಬ್ಯಾಡ, ಸೀದಾ ಕುರುಗೋಡಿಗೆ ಬರ್ತೀಯೇನು?" ಎಂದು ಅವನನ್ನೇ ಕೇಳಿದಳು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ ಬೇಸಿಗೆಯ ನಡುವಿನಲ್ಲಿ, ಶಾಂತಾಳ ಮನೆಯ ಪಡಸಾಲೆಯಲ್ಲಿ. ಮಂಚದ ಮೇಲೆ ಶುಭ್ರವಾಗಿ ಮಲಗಿದ್ದರು. ತಲೆ ಬಾಚಿ ಗಿಡ್ಡ ಜಡೆ ಹೆಣೆದಿತ್ತು, ಬೆನ್ನಿಗೆ ಹುಣ್ಣಾಗದಂತೆ ಶಾಂತಾ ಆಗಾಗ ಹೊರಳಿಸುತ್ತಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಗುರುತಿಸಿದರೋ ಇಲ್ಲವೋ. ಎಡಗೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಶಾಂತಾ ಹಿತ್ತಲಲ್ಲಿ ಇದ್ದಳು. ಹೋಗಿ ನೋಡಿದರೆ ಮೂರು ಕಲ್ಲು ಇಟ್ಟು ಒಲೆ ಹೂಡಿ, ಸುಡುವ ಬಿಸಿಲಿನಲ್ಲಿ ಸೆರಗು ತಲೆಯ ಮೇಲೆ ಹೊದ್ದು ಅಡಿಗೆ ಮಾಡುತ್ತಿದ್ದಳು. ಮುಖ ಕರಿದಾಗಿ, ತುಟಿ ಒಡೆದಿದ್ದವು. ಮೇಲೆ ನೆರಳಿಗೆ ಒಂದು ತಗಡೂ ಇರಲಿಲ್ಲ.

"ಗ್ಯಾಸು ಇಲ್ಲೇನ್ರಿ?" ಎಂದೆ.

"ಐತ್ರಿ. ಒಳಗ ಬೆಂಕಿ ಹಚ್ಚಿದ್ರ ಚೀರ್ತಾಳ. ಮಾತಿಲ್ಲ, ಏನಿಲ್ಲ, ಚೀರೋದು ಒಂದ ಉಳದೈತಿ. ಅಡಿಗಿಮನಿ ಬಾಗಿಲು ಮುಚ್ಚಿ ನೋಡಿದೆ. ಸಪ್ಪಳಕ್ಕ ಗೊತ್ತಾಗ್ತೈತಿ. ಇಲ್ಲಿ ಹಚ್ಚಿದ್ರ ಕಾಣಂಗಿಲ್ಲ, ಕೇಳಂಗಿಲ್ಲ."

ಬೀಬಿಜಾನಳ ವಿಷಯ ಅವಳಿಗೆ ಹೇಳಬೇಕೆಂದೇ ನಾನು ಹೋಗಿದ್ದೆ. ಹೇಳಿದೆ. ಸುಟ್ಟ ಕೈಗಳು, ಹೆಂಗಸರ ಮಾತು, ನರ್ಸಮ್ಮ ಮಗಳನ್ನು ಕರೆಸಿದ್ದು. ಶಾಂತಾ ಗಂಜಿ ತಿರುವುತ್ತಾ ಕೇಳಿದಳು. ಕೇಳಿ ಮುಗಿದ ಮೇಲೂ ತಿರುವುತ್ತಲೇ ಇದ್ದಳು.

"ಹಂಗಂತ ನನ್ನ ಸಿಟ್ಟು ಹೋತು ಅಂತ ತಿಳ್ಕೋಬ್ಯಾಡ್ರಿ," ಎಂದಳು ಕೊನೆಗೆ. ಪಾತ್ರೆಯನ್ನು ಸೆರಗಿನಿಂದ ಹಿಡಿದು ಇಳಿಸಿ, ಒಂದು ಬಟ್ಟಲಿಗೆ ಗಂಜಿ ಬಗ್ಗಿಸಿ, ಊದಿ ಊದಿ ಆರಿಸುತ್ತಾ ಒಳಗೆ ಹೋದಳು.

ಮಳೆ ಇನ್ನೂ ಹಿ‌ಡಿದಿರಲಿಲ್ಲ, ನರ್ಸಮ್ಮ ತೀರಿಕೊಂಡರು. ನಾನು ಮಣ್ಣು ಕೊಡಲು ಹೋದೆ. ಖಾಜಾ ಸಾಬರೂ ಶೇಕ್ಷಾವಲಿಯೂ ಬಂದಿದ್ದರು. ಎಲ್ಲ ಮುಗಿಸಿ ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನೆರೆಮನೆಯ ಹೆಂಗಸೊಬ್ಬಳು, ಬಂದವರಿಗೆ ಚಹಾ ಕಾಯಿಸಲು ಗ್ಯಾಸು ಹಚ್ಚಲೇ ಎಂದು ಕೇಳುತ್ತಿದ್ದಳು. ಪಡಸಾಲೆಯಲ್ಲಿ ಮಂಚ ಖಾಲಿ ಇತ್ತು. ಅದರ ಮೇಲಿನ ಹಾಸಿಗೆಯನ್ನು ಆಗಲೇ ಸುತ್ತಿ ಹೊರಗೆ ಹಾಕಿದ್ದರು.

"ಬ್ಯಾಡ," ಎಂದಳು ಶಾಂತಾ. "ಇವತ್ತೊಂದಿನ ಹೊರಗೇ ಇರ್ಲಿ." ಬಿಸಿಲಿಗೆ ಹೋಗಿ ಕಲ್ಲುಗಳ ನಡುವೆ ಕಟ್ಟಿಗೆ ಇಟ್ಟು, ತಾನೇ ಒಲೆ ಹೊತ್ತಿಸಿದಳು.